ಕಾರ್ಡು ತವರಿಗೆ ಹೋದ ವರ್ಷ

“ಅಕ್ಕ, ನನ್ನ ಸೂಪರ್‌ವೈಸರ್ ಕೆಲಸ ವಾಪಸ್ ತಕ್ಕೊಬುಡಿ. ಮೊದಲಿನಂಗೆ ಮಿಸೀನ್ ಮುಂದೇನೇ ಕುಂತ್ಕೊತೀನಿ.”

ಮೂರನೇ ಲೈನಿನ ಸೂಪರ್‌ವೈಸರ್ ನನ್ನ ಮೇಜಿನ ಮುಂದೆ ನಿಂತು ಹೀಗೆ ಹೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಮದ್ದೂರಿನ ಪಕ್ಕದ ನಮ್ಮ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದಿಂದ ಎದ್ದು ಸೂಪರ್‌ವೈಸರ್ ಆಗುವ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟು. ಇವಳ ಬಡ್ತಿಗೆ ನಾನೇ ಎಷ್ಟೋ ಜನರ ಹತ್ತಿರ ಬಾಯಿ ಮಾಡಿದ್ದೆ. ಈಗ ಆರು ತಿಂಗಳ ಬಸುರಿ, ಒಂದು ಕೈ ಸೊಂಟಕ್ಕೆ ಕೊಟ್ಟುಕೊಂಡು, ಸಿಕ್ಕಿದ್ದನ್ನು ವಾಪಸ್ ತೆಗೆದುಕೊಳ್ಳಿ ಅನ್ನುತ್ತಿದ್ದಾಳೆ.

“ತಲೆ ನೆಟ್ಟಗಿದೆಯೇನೇ ನಿಂಗೆ? ಕುಂತ್ಕೊ ಮೊದ್ಲು. ಯಾರೇನಂದ್ರು?” ಅಂದೆ.

“ಯಾರೂ ಏನೂ ಅನ್ನಲಿಲ್ಲ ಕಣಕ್ಕ. ನಂಗೆ ಆ ಕಾರ್ಡ್ ಬ್ಯಾಡ.”

ಕಾರ್ಡೆಂದರೆ ನಾನೇ ಕೊಟ್ಟ ಕಾರ್ಡು. ನೌಕರರ ಸೌಲಭ್ಯಗಳನ್ನು ನಡೆಸುವುದು ನನ್ನ ಕೆಲಸ. ಭವಿಷ್ಯನಿಧಿ, ಇಎಸ್‌ಐ, ಗ್ರಾಚ್ಯುಟಿ, ಗುಂಪು ಆರೋಗ್ಯ ವಿಮೆ, ಎಲ್ಲವೂ ನನ್ನ ಮೇಜು ದಾಟಿಯೇ ಹೋಗಬೇಕು. ಯಾರ ಮದುವೆಯಾಯಿತು, ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರು, ನಾಮಿನಿ ಇನ್ನೂ ಅಪ್ಪನೋ ಈಗ ಗಂಡನೋ ಎನ್ನುವುದೆಲ್ಲ ನನಗೆ ಗೊತ್ತಿರಬೇಕು. ಎಲ್ಲರ ಬಾಯಲ್ಲೂ ನಾನು ಪಿ.ಎಫ್. ಅಕ್ಕ. ಯಂತ್ರದ ಮುಂದೆ ಕೂರುವವರಿಗೆ ಇಎಸ್‌ಐ ಇದೆ. ಸಂಬಳ ಇಎಸ್‌ಐ ಮಿತಿ ದಾಟಿದ ಸೂಪರ್‌ವೈಸರು, ಕಟಿಂಗ್ ಮಾಸ್ಟರು, ಆಫೀಸಿನವರಿಗೆ ಕಂಪನಿಯ ಗುಂಪು ವಿಮೆ. ವಿಮೆಯವರ ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಆ ಕಾರ್ಡು ತೋರಿಸಿದರೆ ಸಾಕು, ಕೈಯಿಂದ ಕಾಸು ಬಿಚ್ಚಬೇಕಿಲ್ಲ. ಹೆರಿಗೆಗೂ ನಡೆಯುತ್ತದೆ. ಹಬ್ಬದ ಒಬ್ಬಟ್ಟು ಹಂಚುವ ಹಾಗೆ ನಾನು ಆ ಕಾರ್ಡುಗಳನ್ನು ಹಂಚುತ್ತಿದ್ದೆ.

ಹುಡುಗಿ ಕೂತಳು, ನೀರು ಕುಡಿದಳು, ಆಮೇಲೆ ಹೇಳಿದಳು. ಅವಳ ಮೊದಲ ಮಗು ಹೊಟ್ಟೆಯಲ್ಲೇ ಹೋಗಿದ್ದು ನನಗೆ ಗೊತ್ತಿತ್ತು. ಹೇಗೆಂಬುದು ಗೊತ್ತಿರಲಿಲ್ಲ. ಮಂಡ್ಯದಲ್ಲಿ ಬಾಡಿಗೆ ಮನೆ. ಗಂಡನಿಗೆ ಬ್ಯಾಟರಿ ರಿಪೇರಿ ಅಂಗಡಿ. ನೋವು ಶುರುವಾದಾಗ ಗಂಡ ಅಂಗಡಿಯಲ್ಲಿ, ಅತ್ತೆ ನೆಂಟರ ಮನೆಯಲ್ಲಿ. ಮನೆಯಲ್ಲಿ ಇವಳೊಬ್ಬಳೇ. ತಾಯಿ ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ರೇಷ್ಮೆ ಹುಳ ಸಾಕುವವರು. ಮಗಳು ಫೋನು ಮಾಡಿದಾಗ ಅವರು ಸೊಪ್ಪಿನ ತೋಟದಲ್ಲಿದ್ದರಂತೆ. ಬಸ್ಸು ಹಿಡಿದು ಮಂಡ್ಯಕ್ಕೆ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅದಾದ ಮೇಲೆ ಇವಳಿಗೆ ಚಿಕಿತ್ಸೆ ಕೊಟ್ಟು ಎದ್ದು ನಿಲ್ಲಿಸಿದವರು ಮಳವಳ್ಳಿಯಲ್ಲಿ ಸಣ್ಣ ನರ್ಸಿಂಗ್ ಹೋಂ ನಡೆಸುವ ಹಿರಿಯ ಡಾಕ್ಟರಮ್ಮ.

“ಈ ಸಲಾನೂ ಬಿ.ಪಿ. ಏರ್ತಾ ಅದೆ. ಡಾಕ್ಟ್ರಮ್ಮ ನನ್ನ ತಾವೇ ಬಾ ಅಂತಾವ್ರೆ. ನಂಗೂ ಅವ್ವನ ತಾವೇ ಎರಿಗೆ ಆಗ್ಬೇಕು ಕಣಕ್ಕ. ಅತ್ತೆ ಬುಡ್ತಿಲ್ಲ. ಕಾರ್ಡು ಮಂಡ್ಯದ ದೊಡ್ಡಾಸ್ಪತ್ರೇಲಿ ನಡೀತದೆ, ಮಳವಳ್ಳೀಲಿ ನಡೆಯಲ್ಲ, ಇರೋದ ಬುಟ್ಟು ಅಲ್ಲಿಗ್ಯಾಕೆ ಓಯ್ತೀಯ ಅಂತಾರೆ. ಕಾರ್ಡೇ ಇಲ್ದಿದ್ರೆ ಅವರೇ ಕಳುಸ್ತಾರೆ.”

ತಾಯಿಯೇ ಮಂಡ್ಯಕ್ಕೆ ಬಂದು ಇರಬಾರದೇ ಎಂದು ಕೇಳಿದೆ. ಹುಳ ಬಿಟ್ಟು ಒಂದು ದಿನವೂ ಬರುವಂತಿಲ್ಲ. ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು, ಮನೆಯಲ್ಲಿ ಬೇರೆ ಆಳಿಲ್ಲ. ತಾಲ್ಲೂಕು ಆಸ್ಪತ್ರೆಗೆ ಹೋದರೆ ಬಿ.ಪಿ. ಇರುವ ಬಸುರಿಯೆಂದು ಮಂಡ್ಯಕ್ಕೇ ಬರೆದುಕೊಡುತ್ತಾರೆ. ಮೊದಲು ಕೈಯಿಂದ ಕಟ್ಟಿ ಆಮೇಲೆ ಬಿಲ್ಲು ಕೊಟ್ಟರೆ ಹಣ ವಾಪಸ್ ಬರುತ್ತದೆ ಎಂದು ಅತ್ತೆಗೆ ಹೇಳಿ ನೋಡಿದ್ದಳಂತೆ. “ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ” ಎಂದು ಅವರು ಒಂದೇ ಮಾತಿನಲ್ಲಿ ತೀರಿಸಿಬಿಟ್ಟಿದ್ದರು.

ಬಡ್ತಿ ಬಿಟ್ಟರೂ ಉಪಯೋಗವಿಲ್ಲ ಎಂದು ನಾನು ಅವಳಿಗೆ ಬಿಡಿಸಿ ಹೇಳಿದೆ. ಅವಳು ಇಎಸ್‌ಐ ದಾಟಿ ಎರಡು ವರ್ಷವಾಗುತ್ತ ಬಂದಿತ್ತು. ಈಗ ಮತ್ತೆ ಒಳಗೆ ಬಂದರೆ ವಂತಿಗೆ ಹೊಸದಾಗಿ ಶುರುವಾಗುತ್ತದೆ, ಹೆರಿಗೆ ಸೌಲಭ್ಯಕ್ಕೆ ಬೇಕಾದಷ್ಟು ದಿನದ ವಂತಿಗೆ ಕೂಡುವ ಹೊತ್ತಿಗೆ ಮಗು ಅಂಬೆಗಾಲಿಡುತ್ತಿರುತ್ತದೆ. ಅತ್ತ ಇಎಸ್‌ಐಯೂ ಇಲ್ಲ, ಇತ್ತ ಕಾರ್ಡೂ ಇಲ್ಲ ಅನ್ನುವ ಹಾಗಾಗುತ್ತದೆ.

“ಬಡ್ತಿ ವಾಪಸ್ ತಕ್ಕಳಲ್ಲ. ಎರಿಗೆ ನಿಮ್ಮವ್ವನ ತಾವೇ ಆಗ್ಲಿ, ಕಾರ್ಡೂ ನಡೀಲಿ. ಎಂಗಾಗಲ್ವೋ ನಾನು ನೋಡ್ತೀನಿ,” ಅಂದೆ. ಹೇಗಾಗುತ್ತದೆ ಎಂಬುದು ಆ ಗಳಿಗೆಯಲ್ಲಿ ನನಗೂ ಗೊತ್ತಿರಲಿಲ್ಲ.

ಅವಳು ಹೋದ ಮೇಲೆ ಆಸ್ಪತ್ರೆಗಳ ಪಟ್ಟಿ ತೆಗೆದು ನೋಡಿದೆ. ಮಂಡ್ಯದಲ್ಲಿ ಬೇಕಾದಷ್ಟಿದ್ದವು, ಮದ್ದೂರಿನಲ್ಲೂ ಇದ್ದವು, ಮಳವಳ್ಳಿ ತಾಲ್ಲೂಕಿನಲ್ಲಿ ಒಂದೂ ಇಲ್ಲ. ನಮ್ಮ ವಿಮಾ ಬ್ರೋಕರಿಗೆ ಫೋನು ಮಾಡಿದೆ. ಇವರು ಪ್ರತಿ ವರ್ಷ ನವೀಕರಣದ ಹೊತ್ತಿಗೆ ಬಿಸಿ ವಡೆ ಪೊಟ್ಟಣ ಹಿಡಿದು ಬರುವ ಬೆಂಗಳೂರಿನವರು, ಮಾತು ಬಹಳ ನಯ.

“ಮೇಡಂ, ನೌಕರರ ವಾಸದ ವಿಳಾಸ ನೋಡಿಯೇ ಪಟ್ಟಿ ಮಾಡೋದು. ನಿಮ್ಮವರೆಲ್ಲ ಮದ್ದೂರು, ಮಂಡ್ಯದಲ್ಲಿದ್ದಾರೆ. ಅಂದ ಹಾಗೆ, ನಿಮ್ಮಲ್ಲಿ ಹೆರಿಗೆ ಕ್ಲೈಮುಗಳು ಇಲ್ಲವೇ ಇಲ್ಲ ಅನ್ನಬಹುದು. ಈ ನವೀಕರಣದಲ್ಲಿ ಹೆರಿಗೆ ಭಾಗ ತೆಗೆದುಹಾಕೋಣ ಅಂತ ನಿಮ್ಮ ಹೆಡ್ ಆಫೀಸಿನಲ್ಲೂ ಮಾತಾಗಿದೆ. ಯಾರಿಗೂ ಬೇಕಿಲ್ಲ ಅಂತ ಕಾಣುತ್ತೆ,” ಅಂದರು.

“ಯಾರಿಗೂ ಬೇಕಿಲ್ಲ ಅಂತ ನಿಮಗೆ ಯಾರ್ರೀ ಹೇಳಿದ್ದು?” ಎಂದು ಫೋನಿಟ್ಟೆ. ಇಟ್ಟ ಮೇಲೆ ಯೋಚನೆ ಹತ್ತಿತು. ನಮ್ಮ ಕಾರ್ಖಾನೆಯಲ್ಲಿ ಸೀಮಂತದ ಬಳೆ ತೊಡದೆ ಒಂದು ತಿಂಗಳು ಕಳೆಯುವುದಿಲ್ಲ. ಹೆರಿಗೆಗಳು ಆಗುತ್ತಲೇ ಇವೆ, ಕ್ಲೈಮು ಮಾತ್ರ ಬರುತ್ತಿಲ್ಲ.

ಮಾರನೆಯ ದಿನ ಊಟದ ಹೊತ್ತಿಗೆ ಡಬ್ಬಿ ಹಿಡಿದು ಕ್ಯಾಂಟೀನಿಗೆ ಹೋಗಿ ಕಾರ್ಡಿರುವವರ ನಡುವೆ ಕೂತೆ. “ನಿಮ್ಮ ತವರು ಎಲ್ಲೆಲ್ಲಿ?” ಎಂದು ಕೇಳಿದೆ, ಅಷ್ಟೇ. ಮುದ್ದೆ ಮುರಿಯುತ್ತಿದ್ದ ಕೈಗಳು ನಿಂತವು.

“ಕೊತ್ತತ್ತಿ ಅಕ್ಕ. ಬ್ಯಾಸ್ಗೇಲೂ ನಮ್ಮೂರ ನಾಲೇಲಿ ನೀರಿರ್ತದೆ,” ಅಂದಳು ಕ್ವಾಲಿಟಿ ವಿಭಾಗದವಳು.

“ಸಾಕು ಬುಡೆ, ದಿನಾ ನಿಮ್ಮೂರ ನಾಲೆ ಪುರಾಣ. ನಮ್ಮ ಬೆಸಗರಳ್ಳಿಗೆ ಬಂದು ನೋಡು ನೀನು,” ಅಂದಳು ಪಕ್ಕದವಳು.

ಭಾರತೀನಗರದವಳೊಬ್ಬಳು ಕಬ್ಬು ಅರೆಯುವ ಕಾಲದ ಬೆಲ್ಲದಂಥ ವಾಸನೆಯನ್ನು ನೆನೆಸಿಕೊಂಡಳು. ಮಳವಳ್ಳಿ ಕಡೆಯವರೇ ಬಹಳ ಜನ ಇದ್ದರು. ಹೆರಿಗೆ ಎಲ್ಲಾಯಿತು ಎಂದು ಕೇಳಿದ್ದಕ್ಕೆ ಇಡೀ ಮೇಜು ನಕ್ಕಿತು.

“ಇದೆಂತ ಪ್ರಸ್ನೆ ಕೇಳ್ತೀರಕ್ಕ? ಅವ್ವನ ಮನೇಲಿ, ಇನ್ನೆಲ್ಲಿ?”

ಸ್ಯಾಂಪಲ್ ವಿಭಾಗದ ಮಾಸ್ಟರು ಮದ್ದೂರು ಪೇಟೆಯ ಸಾಬರು. ಅವರೂ ತಲೆಯಾಡಿಸಿ, “ನಮ್ಮಲ್ಲೂ ಅದೇ ಅಕ್ಕಾ. ನಮ್ಮ ಮನೆಯವರದು ಮಳವಳ್ಳಿ. ಎರಡು ಹೆರಿಗೇನೂ ಅಲ್ಲೇ ಆಗಿದ್ದು,” ಅಂದರು.

“ಮತ್ತೆ ಕಾರ್ಡು ಯಾಕೆ ಯಾರೂ ತೋರಿಸಲಿಲ್ಲ?”

ಕೊತ್ತತ್ತಿಯವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು. “ಅದು ಗಂಡನ ಊರಿನ ಕಾರ್ಡಲ್ವೇನಕ್ಕ?”

ನಾನು ಡಬ್ಬಿ ಮುಚ್ಚಿದೆ. ವರ್ಷ ವರ್ಷ ಹೆರಿಗೆಗೆಂದು ಕಂತು ಕಟ್ಟುತ್ತಿದ್ದೆವು. ಆಸ್ಪತ್ರೆ ಪಟ್ಟಿ ಹೆಂಗಸರು ಸಂಸಾರ ಮಾಡುವ ಊರಿನದು, ಹೆರುವ ಊರಿನದಲ್ಲ. ಬೆಂಗಳೂರಿನಲ್ಲಿ ಕೂತು ಪಟ್ಟಿ ಮಾಡಿದವರಿಗೆ ಹೊಳೆಯದಿದ್ದರೆ ಹೋಗಲಿ, ನನ್ನಿಬ್ಬರು ಮಕ್ಕಳೂ ನನ್ನ ತವರಲ್ಲೇ ಹುಟ್ಟಿದ್ದು, ನನಗೂ ಹೊಳೆದಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ಪೂಜಾರಿಣಿ ನಾನೇ.

ಮೊದಲು ಸುಲಭದ ದಾರಿ ಹಿಡಿದೆ. ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಲ್ಲೂ ಮುಂಚಿತವಾಗಿ ತಿಳಿಸಿದರೆ ಕಾರ್ಡು ನಡೆಸಬಹುದೆಂಬ ಹೊಸ ವ್ಯವಸ್ಥೆ ಇತ್ತು. ಕ್ಲೈಮು ನೋಡುವ ಏಜೆನ್ಸಿಗೆ ಬರೆದೆ. ಆ ವ್ಯವಸ್ಥೆಗೆ ಆಸ್ಪತ್ರೆಯಲ್ಲಿ ಇಂತಿಷ್ಟು ಹಾಸಿಗೆ ಇರಲೇಬೇಕು, ಮಳವಳ್ಳಿಯ ನರ್ಸಿಂಗ್ ಹೋಮಿನಲ್ಲಿ ಅಷ್ಟಿಲ್ಲ ಎಂದು ಉತ್ತರ ಬಂತು. ಹಾಗಾದರೆ ಪಟ್ಟಿಗೇ ಸೇರಿಸಿಕೊಳ್ಳಿ, ಅದಕ್ಕೆ ಇರುವಷ್ಟು ಹಾಸಿಗೆ ಸಾಕಲ್ಲ ಎಂದು ಕೇಳಿದೆ. ಆಸ್ಪತ್ರೆಯವರು ಅರ್ಜಿ ಹಾಕಲಿ ಅಂದರು.

ಒಂದು ಭಾನುವಾರ ಮಳವಳ್ಳಿ ಬಸ್ಸು ಹತ್ತಿದೆ. ಭಾರತೀನಗರದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಬಸ್ಸು ನಿಂತೇ ಬಿಟ್ಟಿತು. ನರ್ಸಿಂಗ್ ಹೋಂ ತಲುಪಿದಾಗ ಡಾಕ್ಟರಮ್ಮ ಹೊರರೋಗಿಗಳನ್ನು ಮುಗಿಸಿ ಮಜ್ಜಿಗೆ ಕುಡಿಯುತ್ತಿದ್ದರು. ವಿಮೆ ಅಂದ ಕೂಡಲೇ ಲೋಟ ಕೆಳಗಿಟ್ಟರು.

“ಬೇಡಮ್ಮ. ಹಿಂದೆ ಒಂದು ಸಲ ಸೇರಿಕೊಂಡಿದ್ದೆ. ಹೆರಿಗೆ ಮಾಡಿಸಿ ಕಳಿಸಿದ ಮಗು ಇಸ್ಕೂಲಿಗೆ ಸೇರಿದರೂ ಬಿಲ್ಲು ಪಾಸಾಗಲಿಲ್ಲ. ಒಂದು ಕಾಗದ ಕೊಟ್ಟರೆ ಇನ್ನೊಂದು ಕೇಳೋದು, ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಅನ್ನೋದು. ನಾನು ಹೆರಿಗೆ ಮಾಡಿಸಲೋ ಫೋನ್ ಒತ್ತಲೋ?”

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ನಾನು ಜಗ್ಗಲಿಲ್ಲ. “ನೀವು ಒತ್ತಬೇಡಿ ಡಾಕ್ಟ್ರೇ. ನಮ್ಮ ಕಾರ್ಖಾನೆಯ ಕೇಸುಗಳಿಗೆ ನನಗೆ ಫೋನ್ ಮಾಡಿ. ಒತ್ತೋದು, ಕಾಯೋದು, ಜಗಳ ಆಡೋದು ಎಲ್ಲಾ ನಾನು. ಅದಕ್ಕೇ ನನಗೆ ಸಂಬಳ ಕೊಡ್ತಾರೆ,” ಅಂದೆ.

ಅವರು ಕನ್ನಡಕದ ಮೇಲಿನಿಂದ ನನ್ನನ್ನು ಅಳೆದರು. “ಜಗಳ ಚೆನ್ನಾಗಿ ಆಡೋ ಹಾಗೆ ಕಾಣ್ತೀಯ,” ಎಂದು ನಕ್ಕರು. ಆ ಹುಡುಗಿಯ ವಿಷಯ ಕೇಳಿದೆ. ನಗು ನಿಂತಿತು. ರಕ್ತದೊತ್ತಡ ಇದೆ, ಮಾತ್ರೆಯಲ್ಲಿ ಹಿಡಿತದಲ್ಲಿದೆ, ಮಕ್ಕಳ ಡಾಕ್ಟರನ್ನೂ ಅರಿವಳಿಕೆಯವರನ್ನೂ ಕರೆಸಿಕೊಂಡು ತಾನೇ ಮಾಡಿಸುತ್ತೇನೆ ಅಂದರು. “ಅವಳ ಭಯ ಬಿ.ಪಿ.ಗಿಂತ ಜಾಸ್ತಿ ಇದೆ. ತಾಯಿ ಕಣ್ಣೆದುರಿದ್ದರೆ ಅರ್ಧ ಇಳಿಯುತ್ತೆ.”

ಒಪ್ಪಿಕೊಂಡರು. ಅಷ್ಟಕ್ಕೆ ಗೆದ್ದೆ ಅಂದುಕೊಂಡಿದ್ದು ನನ್ನ ಭ್ರಮೆ. ನಿಮ್ಮ ಕಾರ್ಖಾನೆಯಿಂದ ಅಲ್ಲಿಗೆ ಹೋಗುವವರು ಎಷ್ಟು ಜನ ತೋರಿಸಿ, ಆಮೇಲೆ ಆಸ್ಪತ್ರೆ ಸೇರಿಸುತ್ತೇವೆ ಎಂದು ವಿಮೆಯವರು ತಕರಾರು ತೆಗೆದರು. ಆಸ್ಪತ್ರೆ ಸೇರಿಸದೆ ಜನ ಹೋಗುವುದಾದರೂ ಹೇಗೆ? ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಎನ್ನುವ ಲೆಕ್ಕ. ಕ್ಯಾಂಟೀನಿನಲ್ಲಿ ಕೇಳಿದ್ದನ್ನೆಲ್ಲ ಕೂಡಿಸಿ, ಪ್ರತಿಯೊಬ್ಬರ ಹೆಸರಿನ ಮುಂದೆ ಗಂಡಸರಿಗೆ ಹೆಂಡತಿಯ ತವರು, ಹೆಂಗಸರಿಗೆ ಅವರ ತವರು ಬರೆದು ಕಳಿಸಿದೆ. ಪಿನ್‌ಕೋಡಿನ ಸಮೇತ. ನವೀಕರಣದ ಸಭೆಯಲ್ಲಿ ಮಾತಾಡೋಣ ಎಂದು ಉತ್ತರ ಬಂತು.

ಸಭೆಯಲ್ಲಿ ನಾಲ್ವರಿದ್ದೆವು. ಹೆಡ್ ಆಫೀಸಿನಿಂದ ಬಂದ ಎಚ್.ಆರ್. ಮುಖ್ಯಸ್ಥರು, ನಮ್ಮ ಕಾರ್ಖಾನೆಯ ಮ್ಯಾನೇಜರು, ಬ್ರೋಕರು ಮತ್ತು ನಾನು. ಹೆರಿಗೆ ಭಾಗ ತೆಗೆದರೆ ಕಂತು ಇಳಿಯುತ್ತದೆ ಎಂದು ಬ್ರೋಕರು ವಿವರಿಸಿದರು. ನಾನು ತವರಿನ ಊರುಗಳ ಪಟ್ಟಿ ಮುಂದಿಟ್ಟೆ. ಮುಖ್ಯಸ್ಥರು ತಾಳ್ಮೆಯಿಂದಲೇ ಓದಿದರು. ಕೆಟ್ಟವರಲ್ಲ ಅವರು.

“ನಿಮ್ಮ ಕಳಕಳಿ ಅರ್ಥವಾಗುತ್ತೆ. ಹೀಗೆ ಮಾಡೋಣ. ಆ ಸೂಪರ್‌ವೈಸರ್ ಒಬ್ಬರಿಗೆ ಕಂಪನಿಯಿಂದ ವಿಶೇಷ ಒಪ್ಪಿಗೆ ಕೊಡೋಣ, ಅವರ ಹೆರಿಗೆ ಖರ್ಚು ನಾವೇ ನೇರವಾಗಿ ಆಸ್ಪತ್ರೆಗೆ ಕಟ್ಟೋಣ. ಹೆರಿಗೆ ಭಾಗ ಪಾಲಿಸಿಯಿಂದ ಹೋಗಲಿ. ನೀವು ನಿಮ್ಮ ಶಿಫಾರಸು ಟಿಪ್ಪಣಿ ಬರೆದುಕೊಡಿ, ಇವತ್ತೇ ಸಹಿ ಹಾಕ್ತೀನಿ.”

ನಾನು ಯಾವುದಕ್ಕೆ ಅಲೆಯುತ್ತಿದ್ದೆನೋ ಅದು ತಟ್ಟೆಯಲ್ಲಿಟ್ಟು ಬಂದಿತ್ತು. ಹೂಂ ಅಂದರೆ ಹುಡುಗಿ ನಾಳೆಯೇ ತವರಿಗೆ ಹೋಗಬಹುದು. ಇಲ್ಲವೆಂದರೆ, ಮಳವಳ್ಳಿ ಪಟ್ಟಿಗೆ ಸೇರುವುದು ತಡವಾದರೆ, ಅವಳು ಮಂಡ್ಯದಲ್ಲೇ ಹೆರಬೇಕು. ಹತ್ತು ನಿಮಿಷ ಬಿಡುವು ಕೇಳಿ ಎದ್ದು ನೇರ ಮೂರನೇ ಲೈನಿಗೆ ಹೋದೆ. ಅವಳ ಹೊಟ್ಟೆಯ ವಿಷಯದಲ್ಲಿ ನಾನೊಬ್ಬಳೇ ತೀರ್ಮಾನ ಮಾಡುವುದು ಸರಿಯಲ್ಲ ಅನ್ನಿಸಿತು. ಯಂತ್ರಗಳ ಸದ್ದಿನಲ್ಲಿ ಅವಳ ಕಿವಿಯ ಹತ್ತಿರ ಬಾಯಿಟ್ಟು ಎಲ್ಲ ಹೇಳಿದೆ.

ಅವಳು ಕೈಯಲ್ಲಿದ್ದ ಕಾಲರ್ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದಳು. “ನನ್ನೊಬ್ಬಳಿಗೆ ಮಾಡ್ಕೊಂಡು ಇವ್ರಿಗೆಲ್ಲಾ ಇಲ್ದಂಗೆ ಮಾಡುದ್ರೆ ಲೈನಲ್ಲಿ ಮೊಕ ಎಂಗೆ ತೋರುಸ್ಲಿ ಅಕ್ಕ? ಬ್ಯಾಡ. ಆದ್ರೆ ನೀವು ಒಸಿ ಬ್ಯಾಗ ಮಾಡಿ. ನಂಗೆ ದಿಗಿಲಾಯ್ತದೆ.”

ವಾಪಸ್ ಹೋಗಿ ನಿಂತುಕೊಂಡೇ ಹೇಳಿದೆ. “ಟಿಪ್ಪಣಿ ಬರೆಯೋದಿಲ್ಲ ಸರ್. ಈ ಪಾಲಿಸಿ ಯಾರಿಗಾಗಿ ಇದೆಯೋ ಅವರ ಪರವಾಗಿ ನೋಡೋದು ನನ್ನ ಕೆಲಸ. ಹೆರಿಗೆ ಭಾಗ ಉಳೀಬೇಕು, ಇವರ ತವರು ಎಲ್ಲೆಲ್ಲಿದೆಯೋ ಆ ಕಡೆ ಒಂದೊಂದಾದರೂ ಹೆರಿಗೆ ಆಸ್ಪತ್ರೆ ಪಟ್ಟಿಗೆ ಬರಬೇಕು. ಆಗ ಬರೀತೀನಿ.”

“ಜನ ಉಪಯೋಗಿಸಲು ಶುರು ಮಾಡಿದರೆ ಮುಂದಿನ ವರ್ಷ ಕಂತು ಏರುತ್ತೆ, ಗೊತ್ತಲ್ಲ?”

“ಏರಲಿ ಸರ್. ಉಪಯೋಗಕ್ಕೆ ಬಂದು ಏರಲಿ. ಇಷ್ಟು ವರ್ಷ ಉಪಯೋಗಕ್ಕೆ ಬಾರದೆ ಕಟ್ಟಿದ್ದೀವಿ.”

ಆಗ ಅಷ್ಟು ಹೊತ್ತು ಪೆನ್ನು ತಿರುಗಿಸುತ್ತಿದ್ದ ನಮ್ಮ ಮ್ಯಾನೇಜರು ಗಂಟಲು ಸರಿ ಮಾಡಿಕೊಂಡರು. “ಸರ್, ನಮ್ಮನೆಯೋರೂ ಮೂರು ಸಲಾನೂ ಭಾರತೀನಗರಕ್ಕೇ ಹೋಗಿದ್ದು. ನಾನು ಇಲ್ಲಿ ಮ್ಯಾನೇಜರು. ನಾನೂ ಕಾರ್ಡು ತೋರಿಸಿಲ್ಲ.” ಮುಖ್ಯಸ್ಥರಿಗೆ ನಗು ತಡೆಯಲಾಗಲಿಲ್ಲ. ಹೆರಿಗೆ ಭಾಗ ಉಳಿಯಿತು. ತವರಿನ ಊರುಗಳನ್ನು ಪಾಲಿಸಿಯ ಜೊತೆಗೇ ಸೇರಿಸಬೇಕೆಂದು ಬ್ರೋಕರಿಗೆ ಹೇಳಿ ಸಹಿ ಹಾಕಿದರು. ಆವತ್ತು ಬ್ರೋಕರು ತಂದಿದ್ದ ವಡೆಯನ್ನು ನಾನು ಎರಡು ತಿಂದೆ.

ಭಾರತೀನಗರದ ಆಸ್ಪತ್ರೆ ಬೇಗ ಸೇರಿತು. ಮಳವಳ್ಳಿಯದು ಮಾತ್ರ ಸಿಕ್ಕಿಕೊಂಡಿತು. ನರ್ಸಿಂಗ್ ಹೋಮಿನ ನೋಂದಣಿ ಪತ್ರ ಇನ್ನೂ ಡಾಕ್ಟರಮ್ಮನ ತೀರಿಹೋದ ಯಜಮಾನರ ಹೆಸರಿನಲ್ಲೇ ಇತ್ತು. ಅದನ್ನು ಬದಲಾಯಿಸಲು ಅವರಿಗೆ ಮನಸ್ಸೇ ಬಂದಿರಲಿಲ್ಲ. “ಬೋರ್ಡಿನ ಮೇಲೆ ಅವರ ಹೆಸರು ಹಾಗೇ ಇರಲಿ ಡಾಕ್ಟ್ರೇ, ಕಾಗದದಲ್ಲಿ ಮಾತ್ರ ನಿಮ್ಮದು,” ಎಂದು ಒಪ್ಪಿಸಿದೆ. ಮರಣ ಪತ್ರ, ಪ್ರಮಾಣ ಪತ್ರ, ಆಸ್ಪತ್ರೆ ಕಸ ವಿಲೇವಾರಿಯ ಒಪ್ಪಂದ, ಅಗ್ನಿ ಸುರಕ್ಷತೆಯ ಪತ್ರ ಎಲ್ಲ ಹೊತ್ತು ಅವರ ಹಿರಿಯ ನರ್ಸಿನ ಜೊತೆ ಮಂಡ್ಯಕ್ಕೆ ಓಡಾಡಿದೆ. ಹೊಸ ಪತ್ರ ಬಂತು, ವಿಮೆಯವರು ಬಂದು ಶಸ್ತ್ರಚಿಕಿತ್ಸೆ ಕೊಠಡಿ ನೋಡಿಕೊಂಡು ಹೋದರು, ಒಪ್ಪಂದಕ್ಕೆ ಎರಡೂ ಕಡೆ ಸಹಿಯಾಯಿತು. ಕಂಪ್ಯೂಟರಿನಲ್ಲಿ ಹೆಸರು ಮೂಡುವುದೊಂದು ಬಾಕಿ.

ಅದೇ ಸಂಜೆ ಒಪ್ಪಂದದ ಪ್ರತಿ ಹಿಡಿದು ಮಂಡ್ಯದ ಆ ಬಾಡಿಗೆ ಮನೆಗೆ ಹೋದೆ. ಅತ್ತೆ ಕಾಫಿ ಕೊಟ್ಟು ನನ್ನ ಮುಂದೆಯೇ ಕೂತರು. ಗಟ್ಟಿ ಹೆಂಗಸು.

“ನಾನೇನು ಸೊಸೆಗೆ ಸತ್ರುನೇನವ್ವ? ಓದ ಮಗ ನಂಗೂ ಮೊಮ್ಮಗನೇ. ಅವತ್ತು ಮನೇಲಿ ಇಲ್ದೇ ಓದ್ನಲ್ಲ ಅಂತ ಇವತ್ತಿಗೂ ನಿದ್ದೆ ಬರಲ್ಲ. ದೊಡ್ಡಾಸ್ಪತ್ರೆ ಆದ್ರೆ ಭಯ ಇಲ್ಲ ಅನ್ಕಂಡೆ. ಕಾರ್ಡು ಅಲ್ಲೂ ನಡೀತದೆ ಅಂತ ನೀನು ನಿಂತ್ಕಂಡು ಯೋಳಿದ್ರೆ ನಾನೇ ಬಸ್ ಅತ್ತಿಸ್ತೀನಿ.”

ಹೇಳಿದೆ. ಬಸ್ಸಲ್ಲ, ಮಗನ ಕೈಲಿ ಕಾರು ಮಾಡಿಸಿಯೇ ಕಳಿಸಿದರು.

ಹೆರಿಗೆಗೆ ಇನ್ನೂ ಸಮಯವಿದೆ, ಅಷ್ಟರಲ್ಲಿ ಕಂಪ್ಯೂಟರಿನಲ್ಲಿ ಹೆಸರು ಬರುತ್ತದೆ ಎಂದು ನಾನು ನಿರಾಳವಾಗಿದ್ದೆ. ಒಂದು ಬೆಳಿಗ್ಗೆ ಕೆಲಸಕ್ಕೆ ಕೂತ ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮನ ಫೋನು ಬಂತು.

“ಬಿ.ಪಿ. ಏರಿದೆ. ಮಗೂನ ಇವತ್ತೇ ತೆಗೀಬೇಕು. ಎಲ್ಲರನ್ನೂ ಕರೆಸ್ತಿದ್ದೀನಿ. ಆದರೆ ನಿಮ್ಮ ಪೋರ್ಟಲಿನಲ್ಲಿ ನಮ್ಮ ಆಸ್ಪತ್ರೆ ಇನ್ನೂ ಕಾಣಿಸ್ತಿಲ್ಲಮ್ಮ. ಕಾರ್ಡು ನಡೆಯಲ್ಲ ಅಂತ ಗೊತ್ತಾಗಿ, ನಿನ್ನೆ ನೋಡೋಕೆ ಬಂದಿದ್ದ ಅತ್ತೆ ಮಂಡ್ಯಕ್ಕೆ ಕರಕೊಂಡು ಹೋಗೋಕೆ ಗಾಡಿ ತಂದು ನಿಲ್ಲಿಸಿದ್ದಾರೆ. ಈ ಸ್ಥಿತೀಲಿ ಅವಳನ್ನ ಅಷ್ಟು ದೂರ ಕುಲುಕಿಸೋದು ನನಗೆ ಇಷ್ಟ ಇಲ್ಲ. ಅವಳು ಒಂದೇ ಸಮ ಅಳ್ತಿದ್ದಾಳೆ.”

ಅತ್ತೆಗೆ ಫೋನು ಕೊಡಿ ಅಂದೆ. “ಅಮ್ಮ, ಗಾಡಿ ವಾಪಸ್ ಕಳ್ಸಿ. ಕಾರ್ಡು ನಡೀತದೆ. ನಾನು ಯೋಳ್ತಾ ಇದೀನಿ,” ಅಂದೆ. ಸುಳ್ಳಲ್ಲ, ಆದರೆ ಆ ಗಳಿಗೆಗೆ ಅದು ಪೂರ್ತಿ ನಿಜವೂ ಆಗಿರಲಿಲ್ಲ. ಆ ಕಡೆ ಒಂದು ನಿಟ್ಟುಸಿರು ಕೇಳಿಸಿತು. “ನಿನ್ನ ಮಾತು ನಂಬ್ಕಂಡಿವ್ನಿ ಕಣವ್ವ” ಎಂದರು.

ಎದ್ದವಳೇ ಮ್ಯಾನೇಜರ ಕೋಣೆಗೆ ಹೋದೆ. ವಿಮೆಯವರು ಒಪ್ಪದಿದ್ದರೆ ಖರ್ಚು ಕಂಪನಿಯದು ಎಂದು ನಾಲ್ಕು ಸಾಲು ಬರೆದು ಮುಂದಿಟ್ಟೆ. ಅವರು ಓದಿ ಸಹಿ ಮಾಡಿ, “ಇದು ಉಪಯೋಗಕ್ಕೆ ಬರದ ಹಾಗೆ ನೋಡ್ಕೊಳ್ಳಿ, ಹೆಡ್ ಆಫೀಸಿನೋರು ನನ್ನ ತಿಂದಾಕ್ತಾರೆ,” ಅಂದರು. ಅದನ್ನು ಡಾಕ್ಟರಮ್ಮನಿಗೆ ಕಳಿಸಿ, ಕ್ಲೈಮು ಏಜೆನ್ಸಿಯ ಅಧಿಕಾರಿಗೆ ಫೋನು ಹಚ್ಚಿದೆ.

“ಮೇಡಂ, ಸಿಸ್ಟಮ್ಮಿನಲ್ಲಿ ಆಸ್ಪತ್ರೆ ಕಾಣಿಸ್ತಿಲ್ಲ. ನಾನೇನು ಮಾಡಲಿ?”

“ನಿಮ್ಮವರೇ ಸಹಿ ಮಾಡಿದ ಒಪ್ಪಂದ ನಿಮ್ಮ ಮೇಲ್‌ನಲ್ಲಿದೆ, ಅದು ಕಾಣಿಸುತ್ತಲ್ಲ. ಅದರ ಮೇಲೆ ಕೈಯಿಂದಲೇ ಒಪ್ಪಿಗೆ ಪತ್ರ ಮಾಡಿ ಕಳಿಸಿ.”

“ಮೇಲಿನವರನ್ನು ಕೇಳಬೇಕು. ತಿಳಿಸ್ತೀನಿ.”

“ಕೇಳಿ. ಅಲ್ಲೀ ತನಕ ನಾನು ಫೋನ್ ಇಡೋದಿಲ್ಲ.”

ನಿಜವಾಗಿಯೂ ಇಡಲಿಲ್ಲ. ಆ ಕಡೆ ಅವರು ಯಾರು ಯಾರನ್ನೋ ಕೇಳುವುದು, ಕುರ್ಚಿ ಎಳೆಯುವುದು ಎಲ್ಲ ಕೇಳಿಸುತ್ತಿತ್ತು. ನಡುವೆ ರೋಗಿಯ ವರದಿ ಬೇಕೆಂದರು, ಇನ್ನೊಂದು ಫೋನಿನಿಂದ ನರ್ಸಿಗೆ ಹೇಳಿ ತರಿಸಿ ಕಳಿಸಿದೆ. ಡಾಕ್ಟರು ಇಂಥವರೇ ಎಂದು ದೃಢಪಡಿಸಿ ಅಂದರು, ಅವರ ನೋಂದಣಿ ಪತ್ರ ನನ್ನ ಬಳಿಯೇ ಇತ್ತು. ಮೂರನೇ ಲೈನಿನಿಂದ ಒಬ್ಬೊಬ್ಬರೇ ಬಂದು ಬಾಗಿಲಲ್ಲಿ ಇಣುಕಿ ಹೋಗುತ್ತಿದ್ದರು. ನಾನು ಯಾರ ಮುಖವನ್ನೂ ನೋಡಲಿಲ್ಲ, ನೋಡಿದರೆ ನನ್ನ ದಿಗಿಲು ಅವರಿಗೆ ಗೊತ್ತಾಗುತ್ತಿತ್ತು.

ಒಪ್ಪಿಗೆ ಪತ್ರ ಬಂತು. ಡಾಕ್ಟರಮ್ಮನಿಗೆ ಹೇಳೋಣವೆಂದು ಫೋನು ಮಾಡಿದರೆ ಎತ್ತಿದ್ದು ಹಿರಿಯ ನರ್ಸು. “ಅವ್ರು ಒಳಗೆ ಕೈ ತೊಳ್ಕೊಂಡು ಓಗಿ ಆಗ್ಲೇ ಎಷ್ಟೋ ಒತ್ತಾಯ್ತು ಕಣಕ್ಕ. ಒಪ್ಪಿಗೆ ಬರೋ ತನಕ ಮಗ ಕಾಯ್ತದಾ ಅಂದ್ರು.” ಸ್ವಲ್ಪ ಹೊತ್ತಿಗೆ ಅವಳೇ ಮತ್ತೆ ಮಾಡಿದಳು. ಹೆಣ್ಣು ಕೂಸು. ತಾಯಿ, ಮಗು ಇಬ್ಬರೂ ಕ್ಷೇಮ. ನಾನು ಲೈನಿನ ಕಡೆ ನೋಡಿ ಕೈಯೆತ್ತಿದೆ, ಅಷ್ಟೇ. ಮೂರನೇ ಲೈನಿನ ಯಂತ್ರಗಳು ಒಂದೊಂದಾಗಿ ನಿಂತವು. ಆ ದಿನದ ಉತ್ಪಾದನೆ ಕಡಿಮೆಯಾಯಿತೆಂದು ಮ್ಯಾನೇಜರು ಯಾರನ್ನೂ ಕೇಳಲಿಲ್ಲ.

ಮುಂದಿನ ತಿಂಗಳುಗಳಲ್ಲಿ ಕ್ಲೈಮುಗಳು ಬಂದವು. ಕೊತ್ತತ್ತಿಯವಳ ತಂಗಿಯೂ ನಮ್ಮಲ್ಲೇ ಕೆಲಸಕ್ಕಿದ್ದಳು, ಅವಳದು ಬಂತು. ಸ್ಟೋರ್ ಕೀಪರ್ ಹೆಂಡತಿಯದು ಭಾರತೀನಗರದಿಂದ ಬಂತು. ನನ್ನ ಕೆಲಸ ಹೆಚ್ಚಿತು, ಬೈಗುಳ ಹೆಚ್ಚಿತು, ಡಾಕ್ಟರಮ್ಮನಂತೂ ಒಂದು ಬಿಲ್ಲು ತಡವಾದರೂ ನನ್ನನ್ನು ಬಿಡುತ್ತಿರಲಿಲ್ಲ. ಹೊಸದಾಗಿ ಸೇರುವವರಿಗೆ ಈಗ ಹೆಸರು, ವಿಳಾಸ ಕೇಳಿದ ಕೂಡಲೇ ತವರು ಯಾವುದೆಂದು ಕೇಳುತ್ತೇನೆ. ನಮ್ಮ ಬ್ರೋಕರು ಬೇರೆ ಕಾರ್ಖಾನೆಗಳಲ್ಲೂ ಹಾಗೇ ಕೇಳಲು ಶುರು ಮಾಡಿದ್ದಾರಂತೆ. ನನ್ನ ಹೆಸರು ಹೇಳುವುದಿಲ್ಲ ಅನ್ನಿ. ಹೇಳದಿದ್ದರೂ ನನಗೆ ಹೆಮ್ಮೆಯೇ.

ಬಾಣಂತಿಯನ್ನು ನೋಡಲು ನಾನು ಹೋದದ್ದು ಸ್ವಲ್ಪ ತಡವಾಗಿ. ಹಳ್ಳಿಯ ಮನೆ. ಪಕ್ಕದಲ್ಲೇ ಹುಳದ ಮನೆ, ಅದರೊಳಗಿಂದ ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು. ಹುಡುಗಿ ತಲೆಗೆ ಬಟ್ಟೆ ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದಳು. ನನ್ನನ್ನು ಕಂಡವಳೇ ಲೈನು ಯಾರು ನೋಡಿಕೊಳ್ಳುತ್ತಿದ್ದಾರೆ, ಆರ್ಡರು ಸಮಯಕ್ಕೆ ಹೋಯಿತೇ ಎಂದು ವಿಚಾರಿಸಲು ಶುರು ಮಾಡಿದಳು. “ಮೊದ್ಲು ಕೂಸಿಗೆ ಆಲು ಕುಡ್ಸು, ಆಮೇಲೆ ಲೈನು,” ಎಂದು ಗದರಿದೆ. ಅತ್ತೆ ಮಂಡ್ಯದಿಂದ ವಾರಕ್ಕೊಮ್ಮೆ ಬಂದು ಹೋಗುತ್ತಾರಂತೆ.

ಅವಳ ತಾಯಿ ಹುಳದ ಮನೆಯಿಂದ ಕೈ ಒರೆಸಿಕೊಂಡು ಬಂದರು. ತೆಳ್ಳಗಿನ, ಮಾತು ಕಡಿಮೆಯ ಹೆಂಗಸು. ಕೂಸನ್ನು ಎತ್ತಿ ನನ್ನ ಮಡಿಲಿಗೆ ಹಾಕಿ ಪಕ್ಕದಲ್ಲಿ ಕೂತರು.

“ಅವತ್ತು ಮಂಡ್ಯದಿಂದ ಇವಳು ಅತ್ತಿದ್ದು ನಾನು ಫೋನಲ್ಲಿ ಕೇಳುದ್ದು ಕಣವ್ವ,” ಅಂದರು. “ಸೊಪ್ಪಿನ ಒರೆ ತಲೆ ಮೇಲಿತ್ತು. ಏನೂ ಮಾಡಕ್ಕಾಗ್ಲಿಲ್ಲ. ಈ ಸಲ ಆಪ್ರೇಸನ್ ರೂಮಿನ ಬಾಗ್ಲಲ್ಲೇ ನಿಂತಿದ್ದೆ. ಕೂಸಿನ ಅಳು ಎಲ್ರಿಗಿಂತ ಮುಂಚೆ ನನ್ನ ಕಿವಿಗೇ ಬಿತ್ತು.”

ಅಷ್ಟು ಹೇಳಿ, ಹುಳಕ್ಕೆ ಸೊಪ್ಪು ಹಾಕುವ ಹೊತ್ತಾಯಿತೆಂದು ಎದ್ದು ಹೋದರು. ನನ್ನ ಕಣ್ಣು ತುಂಬಿತು. ಎರಡೂ ಕೈಯಲ್ಲಿ ಕೂಸಿತ್ತು, ಒರೆಸಿಕೊಳ್ಳಲಿಲ್ಲ.